ಲೋಹಕ್ಕಿಂತ ಮೊದಲು ದಪ್ಪ

ಅಕೌಸ್ಟಿಕ್ ಗಿಟಾರಿಗೆ ತಂತಿ ಆರಿಸುವವರು ಸಾಮಾನ್ಯವಾಗಿ ಲೋಹದಿಂದ ಶುರುಮಾಡುತ್ತಾರೆ: ಫಾಸ್ಫರ್ ಬ್ರಾಂಜೋ, 80/20 ಬ್ರಾಂಜೋ? ಮೊದಲನೆಯದರ ನಾದ ದುಂಡಗೆ, ಎರಡನೆಯದರದು ಚುರುಕು, ನಿಜವೇ. ಆದರೆ ಆ ಹೊಳಪು ಕೆಲವೇ ವಾರಗಳಲ್ಲಿ ಬೆವರಿಗೆ ಮಾಸುತ್ತದೆ. ದಪ್ಪ ಮಾತ್ರ ತಂತಿ ಬಿಚ್ಚುವವರೆಗೂ ಬೆರಳಿನೊಡನೆ ಜಗ್ಗಾಡುತ್ತಲೇ ಇರುತ್ತದೆ. ಯಾವ ಶ್ರುತಿಯಲ್ಲಿ, ಹೇಗೆ ಮೀಟುತ್ತೇವೆ ಎಂದು ನೋಡಿ ಮೊದಲು ದಪ್ಪ ಗೊತ್ತುಮಾಡಬೇಕು. ಲೋಹದ ಮಾತು ಆಮೇಲೆ.

ಇದಕ್ಕೆ ಪುರಾವೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲೇ ಇದೆ. 1976ರಲ್ಲಿ ವಿಲ್ ಆಕರ್ಮನ್ ಪಾಲೊ ಆಲ್ಟೊದಲ್ಲಿ ಕಟ್ಟಿದ ವಿಂಡಮ್ ಹಿಲ್ ರೆಕಾರ್ಡ್ಸ್ ಹೆಸರಾದದ್ದು ವಾಡಿಕೆಯ ಶ್ರುತಿ ಬಿಟ್ಟ ಗಿಟಾರ್ ವಾದನದಿಂದ. ಅಲ್ಲಿಂದಲೇ 1984ರಲ್ಲಿ ಬಂದ ಮೈಕೆಲ್ ಹೆಡ್ಜಸ್‌ರ ‘ಏರಿಯಲ್ ಬೌಂಡರೀಸ್’ ಶೀರ್ಷಿಕೆಯ ಕೃತಿಯಲ್ಲಿ ಆರನೆಯ ತಂತಿ ‘ಇ’ಯಿಂದ ‘ಸಿ’ಗೆ, ಅಂದರೆ ನಾಲ್ಕು ಸ್ವರಸ್ಥಾನ ಕೆಳಗಿಳಿದಿದೆ. ಬಿಗಿತವು ಕಂಪನಾಂಕದ ವರ್ಗದಂತೆ ತಗ್ಗುವುದರಿಂದ ಉಳಿಯುವುದು ನೂರಕ್ಕೆ 63ರಷ್ಟು. ‘ಲೈಟ್’ ಎಂಬ ದಪ್ಪದ ಸೆಟ್ಟಿನ 0.053 ಇಂಚಿನ ಆರನೆಯ ತಂತಿ ಅಲ್ಲಿ ಸಡಿಲವಾಗಿ ಫ್ರೆಟ್ಟಿಗೆ ಬಡಿಯತೊಡಗುತ್ತದೆ. ಮೊದಲಿನ ಬಿಗಿ ಬೇಕಾದರೆ ಲೆಕ್ಕದಂತೆ 0.067ರ ಆಸುಪಾಸು ಹೋಗಬೇಕು. ಅದೇ ಪ್ರದೇಶದಲ್ಲಿ ಕರ್ನಾಟಕ ಸಂಗೀತ ಕಲಿತ ಕನ್ನಡದ ಹುಡುಗಿ ಗಿಟಾರ್ ಹಿಡಿದರೆ ಲೆಕ್ಕ ತಿರುಗುಮುರುಗು. ತೋಡಿಯ ಗಾಂಧಾರ ಆಡಿಸಲು ತಂತಿಯನ್ನು ಅಡ್ಡಕ್ಕೆ ಎಳೆಯಬೇಕು. ಲೈಟ್ ಸೆಟ್ಟಿನ ಮೂರನೆಯ ಸುತ್ತುತಂತಿ ಅಷ್ಟು ಸುಲಭಕ್ಕೆ ಮಣಿಯದು. ಅವಳಿಗೆ 0.010ರಿಂದ ಶುರುವಾಗುವ ಸೆಟ್, ಮೂರನೆಯದಕ್ಕೆ ಸುತ್ತಿಲ್ಲದ ತಂತಿ ಲೇಸು.

ತೆಳು ತಂತಿಗೆ ನಾದವಿಲ್ಲ ಎಂಬ ಆಕ್ಷೇಪ ಅರ್ಧ ಸರಿ. ಪಿಕ್ ಹಿಡಿದು ಭಾವಗೀತೆಗೆ ಜೋರಾಗಿ ಸ್ಟ್ರಮ್ ಮಾಡುವವರಿಗೆ ಅದು ಸಾಲದು. ಆದರೆ ಬೆರಳ ತುದಿಯಲ್ಲಿ ಮೆಲ್ಲಗೆ ಮೀಟುವವರು ಲೈಟ್‌ಗಿಂತ ದಪ್ಪನೆಯ ‘ಮೀಡಿಯಂ’ ಸೆಟ್ ಹಾಕಿದರೆ ಆ ತಂತಿಯನ್ನು ಪೂರ್ತಿ ಎಬ್ಬಿಸುವುದೇ ಇಲ್ಲ. (ತೆಳು ತಂತಿ ಕಲಿಯುವವರಿಗಷ್ಟೇ ಎನ್ನುವುದು ಬರೀ ಹಮ್ಮು.) ವಾದ್ಯವೇ ತಡೆಯದಿದ್ದರೆ ಎಂಬ ಪ್ರಶ್ನೆಗೆ ಮಾತ್ರ ತೂಕವಿದೆ. ವಾಡಿಕೆಯ ಶ್ರುತಿಯಲ್ಲಿ ಲೈಟ್ ಸೆಟ್ ಸುಮಾರು 160 ಪೌಂಡ್ ಎಳೆದರೆ ಮೀಡಿಯಂ 180 ದಾಟುತ್ತದೆ. ಹಗುರ ಕಟ್ಟಿನ ಹಳೆಯ ಗಿಟಾರಿನ ಮೇಲ್ಹಲಗೆ ಉಬ್ಬಿ ಬ್ರಿಡ್ಜ್ ಏಳಬಹುದು. ನೈಲಾನಿಗೆಂದೇ ಮಾಡಿದ ಕ್ಲಾಸಿಕಲ್ ಗಿಟಾರಿಗಂತೂ ಉಕ್ಕಿನ ತಂತಿ ಕೂಡದು. ಕೈ ಏನೇ ಕೇಳಲಿ, ಮರ ಹೇಳಿದ ಮಿತಿಯೊಳಗೇ ಕೊಡಬೇಕು. ದಪ್ಪ ಬದಲಿಸಿದರೆ ಕತ್ತಿನ ಬಾಗು, ನಟ್ಟಿನ ಕಚ್ಚು, ಸ್ಯಾಡಲ್ ಎಲ್ಲವನ್ನೂ ಮತ್ತೆ ಹೊಂದಿಸಬೇಕಾದೀತು. ಅದೇ ಕೊಲ್ಲಿ ಪ್ರದೇಶದಲ್ಲಿ 1969ರಲ್ಲಿ ಶುರುವಾದ ಗ್ರಿಫನ್‌ನಂಥ ಅಂಗಡಿಗಳಿಗೆ ಗಿಟಾರ್ ಒಯ್ಯಬೇಕಾಗುವುದು ಇಂಥ ಕೆಲಸಕ್ಕೇ. ಪ್ರಯೋಗದ ನಿಜವಾದ ಖರ್ಚು ತಂತಿಯ ಬೆಲೆಯಲ್ಲ, ಈ ಕೂಲಿ.