ಔಷಧ ಸೇವನೆಯ ನಂತರ ಕಾಣಿಸುವ ಚರ್ಮದ ದದ್ದು: ಸಾರ್ವಜನಿಕರಿಗೆ ಮಾಹಿತಿ

ಚರ್ಮದ ಮೇಲೆ ಏಳುವ ದದ್ದು ಬೇರೊಂದು ರೋಗದ ಲಕ್ಷಣವಾಗಿರಬಹುದು ಅಥವಾ ಸೇವಿಸಿದ ಔಷಧದ ಅಡ್ಡಪರಿಣಾಮವಾಗಿರಬಹುದು. ಔಷಧ ಆರಂಭಿಸಿದ ದಿನ ಮತ್ತು ದದ್ದು ಕಾಣಿಸಿಕೊಂಡ ದಿನ, ಈ ಎರಡು ದಿನಾಂಕಗಳು ಕಾರಣವನ್ನು ನಿರ್ಧರಿಸಲು ವೈದ್ಯರಿಗೆ ಮುಖ್ಯ ಆಧಾರವಾಗುತ್ತವೆ.

ರೋಗದ ಲಕ್ಷಣವಾಗಿ ದದ್ದು

ದಡಾರದಲ್ಲಿ ಮೊದಲು ಜ್ವರ, ಕೆಮ್ಮು, ನೆಗಡಿ ಕಾಣಿಸಿಕೊಂಡು ಕಣ್ಣು ಕೆಂಪಾಗುತ್ತದೆ. ಕೆಲವು ದಿನಗಳ ನಂತರ ಮುಖದಲ್ಲಿ ದದ್ದು ಆರಂಭವಾಗಿ ಮೈಗೆ ಹರಡುತ್ತದೆ. ಸೀತಾಳೆ ಸಿಡುಬಿನಲ್ಲಿ ತುರಿಕೆಯುಳ್ಳ ನೀರುಗುಳ್ಳೆಗಳು ಏಳುತ್ತವೆ. "ಅಮ್ಮ" ಬಂದಿದೆಯೆಂದು ಭಾವಿಸಿ ಚಿಕಿತ್ಸೆಯನ್ನು ಮುಂದೂಡುವುದು ಸರಿಯಲ್ಲ.

ಔಷಧದ ಅಡ್ಡಪರಿಣಾಮವಾಗಿ ದದ್ದು

ಹೊಸ ಔಷಧ ಆರಂಭಿಸಿದ ಸಾಮಾನ್ಯವಾಗಿ 4ರಿಂದ 14 ದಿನಗಳೊಳಗೆ ಕೆಂಪು ದದ್ದು ಕಾಣಿಸುತ್ತದೆ. ಗಂಧೆಗಳು ಕೆಲವೇ ನಿಮಿಷಗಳಲ್ಲಿಯೂ ಏಳಬಹುದು. ಪೆನಿಸಿಲಿನ್ ಹಾಗೂ ಸಲ್ಫಾ ವರ್ಗದ ಔಷಧಗಳು, ನೋವು ನಿವಾರಕಗಳು, ಮೂರ್ಛೆರೋಗಕ್ಕೆ ನೀಡುವ ಕಾರ್ಬಮಜೆಪಿನ್ ಮತ್ತು ಫೆನಿಟಾಯಿನ್, ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್ ಇವುಗಳಿಂದ ದದ್ದು ಉಂಟಾಗುವ ಸಾಧ್ಯತೆಯಿದೆ. ದದ್ದು ಕಂಡ ದಿನವೇ ಔಷಧ ಬರೆದುಕೊಟ್ಟ ವೈದ್ಯರನ್ನು ಸಂಪರ್ಕಿಸತಕ್ಕದ್ದು.

ತುರ್ತು ಲಕ್ಷಣಗಳು

1. ಬಾಯಿ, ಕಣ್ಣು ಅಥವಾ ಜನನಾಂಗದಲ್ಲಿ ಹುಣ್ಣು
2. ಜ್ವರದೊಂದಿಗೆ ಚರ್ಮದಲ್ಲಿ ಉರಿ, ಗುಳ್ಳೆ ಅಥವಾ ಚರ್ಮ ಸುಲಿಯುವುದು
3. ತುಟಿ, ಮುಖ ಊದಿಕೊಳ್ಳುವುದು ಅಥವಾ ಉಸಿರಾಟಕ್ಕೆ ತೊಂದರೆ
4. ಒತ್ತಿದರೂ ಬಣ್ಣ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು

ಇವುಗಳಲ್ಲಿ ಯಾವುದೇ ಒಂದು ಕಂಡುಬಂದಲ್ಲಿ, ಮುಂದಿನ ಸರದಿಯ ಔಷಧವನ್ನು ಸೇವಿಸದೆ, ತಕ್ಷಣವೇ 108ಕ್ಕೆ ಕರೆ ಮಾಡುವುದು ಅಥವಾ ಸಮೀಪದ ಆಸ್ಪತ್ರೆಗೆ ತೆರಳುವುದು. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ಚೀಟಿಯಿಲ್ಲದೆ ತಂದವುಗಳೂ ಸೇರಿದಂತೆ, ಅವುಗಳ ಹೊದಿಕೆ ಸಮೇತ ಜೊತೆಗೆ ಒಯ್ಯಬೇಕು.

ಅಡ್ಡಪರಿಣಾಮವನ್ನು ವರದಿ ಮಾಡುವ ವಿಧಾನ

ಭಾರತೀಯ ಔಷಧ ಜಾಗ್ರತಾ ಕಾರ್ಯಕ್ರಮವು 2010ರಲ್ಲಿ ಆರಂಭಗೊಂಡಿದ್ದು, ರೋಗಿ ಅಥವಾ ಆತನ ಸಂಬಂಧಿಕರು ಸ್ವತಃ ವರದಿ ಸಲ್ಲಿಸಬಹುದಾಗಿದೆ. ಗ್ರಾಹಕರ ನಮೂನೆಯು ಕನ್ನಡದಲ್ಲಿಯೂ ಲಭ್ಯವಿದೆ. ಕೆಲಸದ ದಿನಗಳಲ್ಲಿ ಉಚಿತ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಿಯೂ ತಿಳಿಸಬಹುದು. ಔಷಧದ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಸೇವನೆ ಆರಂಭಿಸಿದ ಹಾಗೂ ನಿಲ್ಲಿಸಿದ ದಿನಾಂಕಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಔಷಧದಿಂದಲೇ ತೊಂದರೆಯಾಗಿದೆಯೆಂದು ಖಚಿತವಾಗಿರಬೇಕಿಲ್ಲ, ಸಂಶಯವಿದ್ದರೆ ಸಾಕು. ರೋಗಿಯ ಗುರುತನ್ನು ಗೋಪ್ಯವಾಗಿಡಲಾಗುತ್ತದೆ.

ವಿಶೇಷ ಸೂಚನೆ: ಒಮ್ಮೆ ದದ್ದು ಉಂಟುಮಾಡಿದ ಔಷಧವನ್ನು ಪುನಃ ಸೇವಿಸಿದಲ್ಲಿ ಪರಿಣಾಮವು ಹೆಚ್ಚು ತೀವ್ರವಾಗಬಹುದು. ಆದುದರಿಂದ ಅದರ ಹೆಸರನ್ನು ಬರೆದಿಟ್ಟುಕೊಂಡು, ಮುಂದೆ ಯಾವುದೇ ಚಿಕಿತ್ಸೆಗೆ ಹೋದಾಗ ವೈದ್ಯರಿಗೆ ಮೊದಲೇ ತಿಳಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.