ಬೀಳುವುದೇ ಮೊದಲ ಪಾಠ

ಹೈಸ್ಕೂಲಿನಲ್ಲಿ ಓದುವ ಮಗಳು ಮನೆಗೆ ಬಂದವಳೇ “ಅಮ್ಮಾ, ನಾನು ಜೂಡೋ ಕಲೀತೀನಿ” ಅಂದರೆ ಏನು ಹೇಳುತ್ತೀರಿ? “ಕೈಕಾಲು ಮುರಿದುಕೊಂಡರೆ ಏನು ಗತಿ? ಹೆಣ್ಣುಮಕ್ಕಳಿಗೆ ಹೊಡೆದಾಟ ಯಾಕೆ?” ಎಂದು ಬಾಯಿ ಮುಚ್ಚಿಸುತ್ತೀರೇನೋ. ಸ್ವಲ್ಪ ತಾಳಿ. ಆ ವಿದ್ಯೆ ಎಂಥದ್ದೆಂದು ತಿಳಿದುಕೊಂಡು ಆಮೇಲೆ ಬೇಕು ಬೇಡ ಹೇಳಿ.

ಜಪಾನಿನಲ್ಲಿ 1882ರಲ್ಲಿ ಜಿಗೊರೊ ಕಾನೊ ಎಂಬ ತರುಣ ಅಧ್ಯಾಪಕರು ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ, ಕೆಲವೇ ಶಿಷ್ಯರೊಡನೆ, ಕೊಡೊಕಾನ್ ಎಂಬ ಶಾಲೆ ತೆರೆದರು. ಹಳೆಯ ಜುಜುತ್ಸು ವಿದ್ಯೆಯನ್ನು ತಿದ್ದಿ ಅವರು ರೂಪಿಸಿದ್ದೇ ಜೂಡೋ. ‘ಜು’ ಎಂದರೆ ಮೃದು, ‘ಡೋ’ ಎಂದರೆ ದಾರಿ.

ಹೊಡೆದಾಟದಲ್ಲಿ ಮೃದುತನವೆಲ್ಲಿ ಬಂತು ಅಂತೀರಾ? ಕಾನೊ ಅವರ ಲೆಕ್ಕ ನೋಡಿ. ಎದುರಾಳಿಯ ಬಲ 10, ನಿಮ್ಮದು 7. ಅವನು ತಳ್ಳಿದಾಗ ನೀವೂ ತಳ್ಳಿದರೆ ಸೋಲು ಖಂಡಿತ. ತಳ್ಳಿದಷ್ಟೇ ಹಿಂದೆ ಸರಿದರೆ? ಒಳಗಿನವರು ಥಟ್ಟನೆ ಬಾಗಿಲು ತೆರೆದಾಗ, ಹೊರಗಿನಿಂದ ತಳ್ಳುತ್ತಿದ್ದವರು ಮುಗ್ಗರಿಸುವುದಿಲ್ಲವೆ? ಹಾಗೆಯೇ ಅವನು ಮುಂದಕ್ಕೆ ವಾಲುತ್ತಾನೆ. ಸಮತೋಲ ತಪ್ಪಿದವನ ಬಲ 3ಕ್ಕೆ ಇಳಿಯುತ್ತದೆ; ನಿಮ್ಮ 7 ನಿಮ್ಮಲ್ಲೇ ಉಳಿದಿರುತ್ತದೆ.

ಇನ್ನು ಮಗಳ ಕೈಕಾಲಿನ ಚಿಂತೆ. ಜೂಡೋದಲ್ಲಿ ಎತ್ತಿಹಾಕುವ ಮುಂಚೆ ಕಲಿಸುವುದು ಬೀಳುವುದನ್ನು! ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ತಲೆ ನೆಲಕ್ಕೆ ತಾಗಬಾರದು. ಅಂಗೈ ಊರಿ ತಡೆಯಲು ಹೋಗಬಾರದು. ಇಡೀ ತೋಳಿನಿಂದ ಚಾಪೆಯನ್ನು ಬಡಿದು ಪೆಟ್ಟನ್ನು ಹಂಚಿಬಿಡಬೇಕು. ಇದನ್ನೇ ಮತ್ತೆ ಮತ್ತೆ ಮಾಡಿದವರಿಗೆ ಬೀಳುವ ಭಯ ಕಡಿಮೆಯಾಗುತ್ತದೆ. ಭಯ ಇಳಿದ ಮೇಲೇ ಮೈ ಹಗುರಾಗುವುದು, ಬುದ್ಧಿ ಓಡುವುದು.

ಈ ದಾರಿ ಹಿಡಿದ ಒಬ್ಬ ಹೆಂಗಸಿನ ಕತೆ ಕೇಳಿ. ಕೇಕೊ ಫುಕುಡಾ ಐದಡಿ ಎತ್ತರವೂ ಇಲ್ಲದ ಪುಟ್ಟ ದೇಹದವರು. ಅವರ ತಾತ ಕಾನೊ ಅವರಿಗೆ ಜುಜುತ್ಸು ಕಲಿಸಿದ್ದ ಗುರು. 1935ರಲ್ಲಿ ಅವರು ಕೊಡೊಕಾನ್ ಸೇರಿದರು. ಮುಂದೆ ಮದುವೆಯ ಮಾತು ಬಂದಾಗ, ಮದುವೆಯಾದರೆ ಜೂಡೋ ಬಿಡಬೇಕಾಗುತ್ತದೆಂದು ಕಂಡು ಮದುವೆಯನ್ನೇ ಬಿಟ್ಟರು. 1953ರಲ್ಲಿ ಐದನೆಯ ದರ್ಜೆ ಸಿಕ್ಕಿತು. ಹೆಂಗಸರಿಗೆ ಅದಕ್ಕಿಂತ ಮೇಲೆ ಇಲ್ಲ ಎಂಬುದು ಆಗಿನ ನಿಯಮ. ತಮಗಿಂತ ಕಿರಿಯ ಗಂಡಸರು ಮೇಲೇರುತ್ತಿದ್ದರೂ ಇವರು ಹತ್ತೊಂಬತ್ತು ವರ್ಷ ಅಲ್ಲೇ ನಿಂತರು; ಕಲಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆರನೆಯ ದರ್ಜೆ ಬಂದದ್ದು 1972ರಲ್ಲಿ. ಕೊಡೊಕಾನ್ ಒಂಬತ್ತನೆಯದನ್ನು ಕೊಟ್ಟದ್ದು 2006ರಲ್ಲಿ. ಅತ್ಯುನ್ನತವಾದ ಹತ್ತನೆಯದನ್ನು 2011ರಲ್ಲಿ ಅಮೆರಿಕದ ಜೂಡೋ ಸಂಸ್ಥೆ ಕೊಟ್ಟಿತು. ಆಗ ಅವರಿಗೆ 98 ವರ್ಷ! 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು.

“ಬಗ್ಗಿ ನಡೆ, ಹೊಂದಿಕೊಂಡು ಹೋಗು” ಎಂಬ ಬುದ್ಧಿಮಾತು ನಮಗೆ ಹೊಸದಲ್ಲ. ಆದರೆ ಬಗ್ಗುವುದರಲ್ಲೂ ಎರಡು ಬಗೆ ಇದೆ. ಹೆದರಿ ಬಗ್ಗಿದವಳು ಸಮತೋಲ ಕಳೆದುಕೊಳ್ಳುತ್ತಾಳೆ. ತಿಳಿದು ಬಗ್ಗಿದವಳ ಕಾಲು ನೆಲದ ಮೇಲೇ ಇರುತ್ತದೆ. ಎಲ್ಲಿ ಸರಿಯಬೇಕು, ಎಲ್ಲಿ ಸರಿಯಕೂಡದು ಅವಳಿಗೆ ಗೊತ್ತು. ಫುಕುಡಾ ದರ್ಜೆಗಾಗಿ ಕಾದರು, ಆದರೆ ಜೂಡೋ ಬಿಡು ಎಂದರೆ ಬಿಡಲಿಲ್ಲ. ಮಗಳು ಕಲಿಯಬೇಕಾದದ್ದೂ ಈ ವ್ಯತ್ಯಾಸವನ್ನೇ ಅಲ್ಲವೆ?

ಸೇರಿಸುವ ಮುಂಚೆ ನೀವೇ ಒಮ್ಮೆ ಹೋಗಿ ನೋಡಿ. ನೆಲಕ್ಕೆ ದಪ್ಪ ಚಾಪೆ ಹಾಸಿದೆಯೆ? ಹೊಸಬರಿಗೆ ಬೀಳುವುದನ್ನು ಮೊದಲು ಕಲಿಸುತ್ತಾರೆಯೆ? ಆಟದ ಮೊದಲೂ ಕೊನೆಗೂ ಮಕ್ಕಳು ಒಬ್ಬರಿಗೊಬ್ಬರು ಬಾಗಿ ವಂದಿಸುತ್ತಾರೆಯೆ? ಈ ಮೂರೂ ಇದ್ದರೆ ಧೈರ್ಯವಾಗಿ ಸೇರಿಸಿ. ಮೊದಲ ದಿನವೇ ಬರಿನೆಲದ ಮೇಲೆ ಎತ್ತಿಹಾಕುವ ಕಡೆಯಾದರೆ, ಮಗಳ ಕೈ ಹಿಡಿದು ವಾಪಸು ಕರೆತನ್ನಿ.