ಪಿಂಗ್ ಏರಿದಾಗ ಬೈಯುವ ಮುನ್ನ ಅಳೆಯಿರಿ

ಮನೆಗೆ ಹೊಸದಾಗಿ ಬ್ರಾಡ್‌ಬ್ಯಾಂಡ್ ಹಾಕಿಸಿದವರನ್ನು ಸ್ಪೀಡ್ ಎಷ್ಟು ಎಂದು ಕೇಳಿ ನೋಡಿ. ನೂರು, ಇನ್ನೂರು, ಮುನ್ನೂರು ಎಂಬಿಪಿಎಸ್ ಎಂದು ಥಟ್ಟನೆ ಹೇಳುತ್ತಾರೆ. ಪಿಂಗ್ ಎಷ್ಟು ಎಂದರೆ ಹೆಚ್ಚಿನವರು ಮುಖ ಮುಖ ನೋಡುತ್ತಾರೆ. ಆನ್‌ಲೈನ್ ಶೂಟಿಂಗ್ ಆಟ ಆಡುವವರಿಗೆ ಮಾತ್ರ ಈ ಎರಡನೇ ಸಂಖ್ಯೆ ಬಾಯಿಪಾಠ. ಬಸ್ಸಿನಲ್ಲಿ ಎಷ್ಟು ಸೀಟಿದೆ ಎಂಬುದು ಬೇರೆ, ಅದು ಎಷ್ಟು ಹೊತ್ತಿಗೆ ಊರು ಮುಟ್ಟುತ್ತದೆ ಎಂಬುದು ಬೇರೆ. ಎಂಬಿಪಿಎಸ್ ಎಂದರೆ ಸೀಟು. ಪಿಂಗ್ ಎಂದರೆ ನಮ್ಮ ಸಂದೇಶ ಸರ್ವರ್‌ಗೆ ಹೋಗಿ ಉತ್ತರ ತರಲು ಹಿಡಿಯುವ ಹೊತ್ತು. ಶೂಟಿಂಗ್ ಆಟಕ್ಕೆ ಬೇಕಾಗುವ ಡೇಟಾ ತೀರಾ ಕಡಿಮೆ, ಆದರೆ ಅದು ಸರಿಯಾದ ಹೊತ್ತಿಗೆ ತಲುಪಲೇಬೇಕು.

ಇದನ್ನೆಲ್ಲ ನಾನು ಹಟ ಹಿಡಿದು ಕಲಿಯಲು ಕಾರಣ ನಮ್ಮ ಐದು ಜನರ ಕೂಟ. ಎಂಟೆಕ್ ಓದುವಾಗ ಒಂದೇ ಹಾಸ್ಟೆಲ್‌ನಲ್ಲಿದ್ದವರು ನಾವು. ಈಗ ನಾನು ಪುಣೆಯಲ್ಲಿ. ಉಳಿದವರು ಹೈದರಾಬಾದ್, ಚೆನ್ನೈ, ನೋಯ್ಡಾದಲ್ಲಿ. ಐದನೆಯವನು ಅಪ್ಪನ ಆರೋಗ್ಯ ಕೆಟ್ಟಿತೆಂದು ಮನೆಯಿಂದಲೇ ಕೆಲಸ ಮಾಡುವ ಅನುಮತಿ ಪಡೆದು ಶಿರಸಿ ಹತ್ತಿರದ ತನ್ನ ಊರಿಗೆ ಮರಳಿದ್ದಾನೆ. ಶನಿವಾರ ರಾತ್ರಿ ಹತ್ತಕ್ಕೆ ಐವರೂ ವ್ಯಾಲರಂಟ್ ಆಡುತ್ತೇವೆ. ಆಟ ನೆಪ. ವಾರವಿಡೀ ಹಿಂದಿ, ಇಂಗ್ಲಿಷ್, ಮರಾಠಿಯಲ್ಲಿ ಏಗಿದ ಮೇಲೆ ಎರಡು ತಾಸು ಹೆಡ್‌ಫೋನ್‌ನಲ್ಲಿ ಬರೀ ಕನ್ನಡ.

ಕಳೆದ ಮಳೆಗಾಲದಲ್ಲಿ ಈ ಕೂಟ ಒಡೆಯುವ ಹಂತಕ್ಕೆ ಬಂದಿತ್ತು. ಶಿರಸಿಯವನ ಆಟಗಾರ ಪರದೆಯ ಮೇಲೆ ನಿಂತಲ್ಲೇ ನಿಲ್ಲುತ್ತಿದ್ದ, ಇಲ್ಲವೇ ಒಮ್ಮೆಲೇ ಹತ್ತು ಹೆಜ್ಜೆ ಜಿಗಿಯುತ್ತಿದ್ದ. ಸೋತಾಗಲೆಲ್ಲ ನೋಯ್ಡಾದಲ್ಲಿರುವ ಹುಬ್ಬಳ್ಳಿ ಗೆಳೆಯ, ‘ಲೇ, ಮೊದಲ ಆ ನಿನ್ನ ನೆಟ್ ಸರಿ ಮಾಡ್ಕೊಳ್ಳಲೇ’ ಎಂದು ರೇಗುತ್ತಿದ್ದ. ಒಂದು ರಾತ್ರಿ ಅವನು, ‘ನೀವು ನಾಲ್ಕೇ ಜನ ಆಡಿ ಮಾರಾಯಾ, ನನ್ನಿಂದ ನಿಮ್ಮ ಶನಿವಾರ ಹಾಳಾಗೋದು ಬೇಡ’ ಎಂದು ಹೊರಗೆ ಹೋದ. ಮುಂದಿನ ವಾರ ಬರಲಿಲ್ಲ. ಅಪ್ಪನ ಔಷಧಿ, ತೋಟ, ಆಫೀಸು ಬಿಟ್ಟರೆ ಅವನಿಗೆ ಬೇರೆ ಮಾತುಕತೆಯೇ ಇಲ್ಲವೆಂಬುದು ನಮಗೆಲ್ಲ ಗೊತ್ತಿತ್ತು. ಹಾಗಾಗಿ ಭಾನುವಾರ ಕರೆ ಮಾಡಿ, ಬೈಗುಳ ಬದಿಗಿಟ್ಟು ಅಳೆಯೋಣ ಎಂದೆ. ನಾವು ಅನುಸರಿಸಿದ ಕ್ರಮ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲು ನೋಡಬೇಕಾದದ್ದು, ತೊಂದರೆ ನೆಟ್‌ನದ್ದೇ ಹೌದಾ ಎಂದು. ವ್ಯಾಲರಂಟ್‌ನ ವಿಡಿಯೊ ಸೆಟ್ಟಿಂಗ್‌ನಲ್ಲಿ ಎಫ್‌ಪಿಎಸ್, ಪಿಂಗ್, ಪ್ಯಾಕೆಟ್ ಲಾಸ್ ಮೂರನ್ನೂ ಪರದೆಯ ಮೇಲೆ ತೋರಿಸುವ ಆಯ್ಕೆ ಇದೆ. ಆಟ ತೊದಲಿದ ಕ್ಷಣದಲ್ಲಿ ಎಫ್‌ಪಿಎಸ್ ಕುಸಿದು ಪಿಂಗ್ ಹಾಗೆಯೇ ಇದ್ದರೆ ತಪ್ಪು ಕಂಪ್ಯೂಟರ್‌ನದು. ಲ್ಯಾಪ್‌ಟಾಪ್ ಚಾರ್ಜರ್ ಇಲ್ಲದೆ ಬ್ಯಾಟರಿಯಲ್ಲಿ ಓಡುತ್ತಿರಬಹುದು, ಫ್ಯಾನಿಗೆ ದೂಳು ಕಟ್ಟಿ ಕಾದಿರಬಹುದು. ಇದಕ್ಕೆ ಬ್ರಾಡ್‌ಬ್ಯಾಂಡ್ ಪ್ಲಾನ್ ಏರಿಸಿದರೆ ದುಡ್ಡು ದಂಡ. ನಮ್ಮ ಗೆಳೆಯನ ಎಫ್‌ಪಿಎಸ್ ಗಟ್ಟಿಯಾಗಿತ್ತು. ಪ್ಯಾಕೆಟ್ ಲಾಸ್ ಮಾತ್ರ ಆಗಾಗ ಮೇಲೇಳುತ್ತಿತ್ತು.

ಎರಡನೆಯದು, ನಿಮ್ಮ ಕಂಪ್ಯೂಟರ್‌ನಿಂದ ನಿಮ್ಮದೇ ರೌಟರ್‌ವರೆಗಿನ ಹಾದಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ರೌಟರ್ ವಿಳಾಸಕ್ಕೆ ಪಿಂಗ್ ಕೊಡಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಇರುತ್ತದೆ. ಕೊನೆಗೆ ಹೈಫನ್ ಮತ್ತು ‘ಟಿ’ ಸೇರಿಸಿದರೆ ನಿಲ್ಲಿಸುವ ತನಕ ಓಡುತ್ತದೆ. ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ ಬರಬೇಕು. ನಡುನಡುವೆ 50, 100 ಎಂದು ಜಿಗಿದರೆ ತೊಂದರೆ ನಿಮ್ಮ ಮನೆಯೊಳಗೇ ಇದೆ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ನಗರದ ಅಪಾರ್ಟ್‌ಮೆಂಟ್‌ಗಳಲ್ಲಿ ಮತ್ತು ಪಿಜಿಗಳಲ್ಲಿ ಕಾಡುವುದು ಹೆಚ್ಚಾಗಿ ಇದೇ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಸುತ್ತಲಿನ ಇಪ್ಪತ್ತು ಮನೆಗಳ ರೌಟರ್‌ಗಳು ಈ ಮೂರರಲ್ಲೇ ನೂಕಾಡುತ್ತವೆ. ಬ್ಲೂಟೂತ್ ಹೆಡ್‌ಫೋನ್, ಮೈಕ್ರೋವೇವ್ ಒಲೆ ಕೂಡ ಅದೇ ಓಣಿಯವು. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದರೆ ಗದ್ದಲ ಕಡಿಮೆ, ಆದರೆ ಅದು ಗೋಡೆ ದಾಟುವುದರಲ್ಲಿ ಸೋಂಬೇರಿ. ಎಲ್ಲಕ್ಕಿಂತ ಅಗ್ಗದ ಮದ್ದು ಲ್ಯಾನ್ ಕೇಬಲ್. ಹೈದರಾಬಾದ್ ಗೆಳೆಯ ಹಾಲ್‌ನಿಂದ ಕೋಣೆಗೆ ಹತ್ತು ಮೀಟರ್ ಕೇಬಲ್ ಎಳೆದ ದಿನದಿಂದ ಅವನ ಪಿಂಗ್ ಅಲುಗಾಡಿಲ್ಲ.

ಮೂರನೆಯದು, ರೌಟರ್‌ನಿಂದ ಹೊರಗೆ. ಈ ಸಲ 8.8.8.8ಕ್ಕೆ ಪಿಂಗ್ ಓಡಿಸಿ, ಅದು ಓಡುತ್ತಿರುವಾಗಲೇ ಫೋನಿನಿಂದ ಒಂದು ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಿ. ಸುಮ್ಮನಿದ್ದಾಗ 20 ಇದ್ದ ಪಿಂಗ್ ಆಗ 300 ದಾಟಿತೋ, ನಿಮ್ಮ ಕಾಯಿಲೆಯ ಹೆಸರು ಬಫರ್‌ಬ್ಲೋಟ್. ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ 2010ರ ಸುಮಾರಿಗೆ ತಮ್ಮ ಮನೆಯ ಜಾಲದಲ್ಲೇ ಇದನ್ನು ಬೆನ್ನು ಹತ್ತಿ ಹೋಗಿ ಹೆಸರಿಟ್ಟು ಜಗತ್ತಿಗೆ ತಿಳಿಸಿದರು. ರೌಟರ್ ಮತ್ತು ಮೋಡೆಮ್‌ಗಳಲ್ಲಿ ಡೇಟಾ ಸರತಿ ನಿಲ್ಲುವ ಜಾಗವೇ ಬಫರ್. ಮೆಮೊರಿ ಅಗ್ಗವಾದಂತೆ ಅದನ್ನು ಬೇಕಾಬಿಟ್ಟಿ ದೊಡ್ಡದು ಮಾಡಿಬಿಟ್ಟರು. ಲೆಕ್ಕ ಸರಳ: ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದು, ಸರತಿಯಲ್ಲಿ 1 ಮೆಗಾಬೈಟ್ ಅಂದರೆ 8 ಮೆಗಾಬಿಟ್ ನಿಂತಿದ್ದರೆ, ಕೊನೆಯಲ್ಲಿ ಬಂದ ನಿಮ್ಮ ಗುಂಡು ಹೊರಗೆ ಹೋಗಲು 0.8 ಸೆಕೆಂಡ್ ಕಾಯಬೇಕು. ಟೋಲ್ ನಾಕಾದಲ್ಲಿ ಲಾರಿಗಳ ಹಿಂದೆ ಆಂಬುಲೆನ್ಸ್ ಸಿಕ್ಕಿಕೊಂಡ ಹಾಗೆ.

ಚೆನ್ನೈ ಗೆಳೆಯನ ಮನೆಯಲ್ಲಿ ರಾತ್ರಿ ಹತ್ತೂವರೆಗೆ ಸರಿಯಾಗಿ ಲ್ಯಾಗ್ ಶುರುವಾಗುತ್ತಿತ್ತು. ಹೆಂಡತಿಯ ಫೋನ್ ಚಾರ್ಜಿಗಿಟ್ಟ ಕೂಡಲೇ ಅಂದಿನ ಫೋಟೊಗಳ ಬ್ಯಾಕಪ್ ಆರಂಭವಾಗುವುದೇ ಅದಕ್ಕೆ ಕಾರಣ. ಬ್ಯಾಕಪ್ ಹೊತ್ತನ್ನು ಬದಲಿಸಿದ, ಮುಗಿಯಿತು. ಶಾಶ್ವತ ಪರಿಹಾರ ಬೇಕಿದ್ದರೆ ರೌಟರ್‌ನಲ್ಲಿ ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್, ಅಂದರೆ ಎಸ್‌ಕ್ಯೂಎಂ, ಇದೆಯೇ ನೋಡಿ. ಅದರಲ್ಲಿ ಮಿತಿಯನ್ನು ನಿಮ್ಮ ನಿಜವಾದ ವೇಗದ ನೂರಕ್ಕೆ 85–90ರಷ್ಟಕ್ಕೆ ಇಡಬೇಕು. ಸ್ವಲ್ಪ ವೇಗ ಬಿಟ್ಟುಕೊಟ್ಟರೆ ಸರತಿ ನಿಮ್ಮ ಹಿಡಿತದಲ್ಲಿರುತ್ತದೆ. ಆಗ ಸಣ್ಣ ಪ್ಯಾಕೆಟ್‌ಗಳು ದೊಡ್ಡವುಗಳ ಹಿಂದೆ ಕಾಯುವುದಿಲ್ಲ. ಪ್ಲಾನ್ ದುಬಾರಿ ಮಾಡಿದರೂ ಸಿಗದ ಲಾಭ ಇದು.

ನಾಲ್ಕನೆಯದು, ದಾರಿ. ಟ್ರೇಸ್‌ರೂಟ್ ಎಂಬ ಕಮಾಂಡ್ ನಮ್ಮ ಪ್ಯಾಕೆಟ್ ಯಾವ ಯಾವ ನಿಲ್ದಾಣ ಹಾದು ಹೋಗುತ್ತದೆಂದು ತೋರಿಸುತ್ತದೆ. ನಡುವಿನ ಒಂದು ನಿಲ್ದಾಣದಲ್ಲಿ ಸಂಖ್ಯೆ ದೊಡ್ಡದಾಗಿ ಮುಂದಿನದರಲ್ಲಿ ಮತ್ತೆ ಇಳಿದರೆ ಗಾಬರಿ ಬೇಡ. ಆ ರೌಟರ್ ಇಂಥ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರಿಸುತ್ತದೆ, ಅಷ್ಟೇ. ಒಂದು ಕಡೆ ಏರಿದ್ದು ಕೊನೆಯವರೆಗೂ ಇಳಿಯದಿದ್ದರೆ ಅಲ್ಲಿ ಅಡಚಣೆ ಇದೆ ಎಂದರ್ಥ. ಬೆಳಿಗ್ಗೆ ಒಂದು, ರಾತ್ರಿ ಒಂದು ಸ್ಕ್ರೀನ್‌ಶಾಟ್ ತೆಗೆದು ಕಂಪನಿಗೆ ಕಳಿಸಿ. ‘ನೆಟ್ ಸ್ಲೋ ಇದೆ’ ಎಂದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ‘ರಾತ್ರಿ ಒಂಬತ್ತರ ನಂತರ ಐದನೇ ನಿಲ್ದಾಣದಿಂದ ಮುಂದಕ್ಕೆ 60 ಮಿಲಿಸೆಕೆಂಡ್ ಏರುತ್ತದೆ’ ಎಂದರೆ ದೂರು ನೆಟ್‌ವರ್ಕ್ ವಿಭಾಗಕ್ಕೆ ಹೋಗುವ ಸಾಧ್ಯತೆ ಹೆಚ್ಚು.

ಐದನೆಯದಕ್ಕೆ ಮದ್ದಿಲ್ಲ. ಅದು ದೂರ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರುವ ಲೆಕ್ಕದಲ್ಲಿ ಪ್ರತಿ 100 ಕಿಲೋಮೀಟರಿಗೆ 1 ಮಿಲಿಸೆಕೆಂಡ್. ವ್ಯಾಲರಂಟ್‌ಗೆ ಮುಂಬೈಯಲ್ಲಿ ಸರ್ವರ್ ಇದೆ. ಕೌಂಟರ್ ಸ್ಟ್ರೈಕ್‌ಗೆ ಮುಂಬೈ ಮತ್ತು ಚೆನ್ನೈ ಎರಡೂ ಕಡೆ. ದಿಲ್ಲಿಯಿಂದ ಮುಂಬೈಗೆ ನೇರ ಗೆರೆಯಲ್ಲಿ ಸುಮಾರು 1,150 ಕಿಲೋಮೀಟರ್, ಆದ್ದರಿಂದ 11–12 ಮಿಲಿಸೆಕೆಂಡಿಗಿಂತ ಕಡಿಮೆ ಪಿಂಗ್ ಅಲ್ಲಿಂದ ಸಾಧ್ಯವೇ ಇಲ್ಲ. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಆಟದ ಸೆಟ್ಟಿಂಗ್‌ನಲ್ಲಿ ಸಿಂಗಪುರ ಸರ್ವರ್ ಆಯ್ಕೆಯಾಗಿದ್ದರೆ ಮುಂಬೈಯಿಂದಲೇ ಕನಿಷ್ಠ 39. ಪಿಂಗ್ ಇಳಿಸುತ್ತೇವೆಂದು ತಿಂಗಳ ಬಾಡಿಗೆ ಕೇಳುವ ಆ್ಯಪ್‌ಗಳೂ ಬೆಳಕಿಗಿಂತ ಬೇಗ ಓಡಲಾರವು. ನಿಮ್ಮ ಕಂಪನಿಯ ದಾರಿ ಸುತ್ತುಬಳಸಾಗಿದ್ದಾಗ ಮಾತ್ರ ಅವುಗಳಿಂದ ಸ್ವಲ್ಪ ಉಪಯೋಗ.

ಈಗ ಶಿರಸಿಗೆ ಬರೋಣ. ಅವನ ರೌಟರ್‌ವರೆಗಿನ ಪಿಂಗ್ ಸರಿಯಿತ್ತು, ಅಪ್‌ಲೋಡ್ ಪರೀಕ್ಷೆಯೂ ಪಾಸು. ಹೊರಗಿನ ಪಿಂಗ್‌ನಲ್ಲಿ ಮಾತ್ರ ನೂರಕ್ಕೆ ಆರೇಳು ಉತ್ತರಗಳು ಬರುತ್ತಲೇ ಇರಲಿಲ್ಲ. ಮಳೆ ಜೋರಾದಾಗ ಇನ್ನೂ ಹೆಚ್ಚು. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಕಳೆದದ್ದನ್ನು ಮತ್ತೆ ತರಿಸಿಕೊಳ್ಳಲು ಸಮಯವಿರುತ್ತದೆ. ಆಟದಲ್ಲಿ ತಡವಾಗಿ ಬಂದ ಸುದ್ದಿ ಹಳಸಿದ ಸುದ್ದಿ. ವ್ಯಾಲರಂಟ್ ಸರ್ವರ್ ಸೆಕೆಂಡಿಗೆ 128 ಬಾರಿ, ಅಂದರೆ ಹೆಚ್ಚುಕಡಿಮೆ 8 ಮಿಲಿಸೆಕೆಂಡಿಗೊಮ್ಮೆ ಲೋಕವನ್ನು ಹೊಸದಾಗಿ ಲೆಕ್ಕ ಹಾಕುತ್ತದೆ.

ಮನೆಯ ಫೈಬರ್ ಪೆಟ್ಟಿಗೆಯ ಸೆಟ್ಟಿಂಗ್ ಪುಟ ತೆರೆದು, ಒಳಬರುವ ಬೆಳಕಿನ ಶಕ್ತಿ ಎಷ್ಟೆಂದು ಓದಲು ಹೇಳಿದೆ. ಮೈನಸ್ 29 ಡಿಬಿಎಂ ಎಂದ. ಇಂಥ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಮೈನಸ್ 27ರ ತನಕ ಸರಿಯಾಗಿ ಓದಲು ಬರುತ್ತದೆ. ಅದರಾಚೆ ಬೆಳಕು ಮಂಕು. ಎಂದರೆ ತಪ್ಪು ಅವನದಲ್ಲ, ಅವನ ಕಂಪ್ಯೂಟರಿನದೂ ಅಲ್ಲ. ಅಡಿಕೆ ತೋಟದ ನಡುವೆ ಹಾದು ಬರುವ ಆ ಎಳೆಯಲ್ಲಿ ಎಲ್ಲೋ ಪೆಟ್ಟಾಗಿದೆ. ಈ ಸಂಖ್ಯೆ ಹೇಳಿ ದೂರು ಕೊಟ್ಟ ಮೂರನೇ ದಿನ ಲೈನ್‌ಮ್ಯಾನ್ ಬಂದರು. ನೀರು ಹೊಕ್ಕಿದ್ದ ಒಂದು ಜೋಡಣೆಯನ್ನು ಕತ್ತರಿಸಿ ಹೊಸದಾಗಿ ಬೆಸೆದರು. ಶಕ್ತಿ ಮೈನಸ್ 21ಕ್ಕೆ ಬಂತು, ಪ್ಯಾಕೆಟ್ ಲಾಸ್ ಸೊನ್ನೆ. ಕರೆಂಟ್ ಹೋದಾಗ ಪೆಟ್ಟಿಗೆಯೇ ಆರುತ್ತಿದ್ದುದಕ್ಕೆ 12 ವೋಲ್ಟಿನ ಸಣ್ಣ ಯುಪಿಎಸ್ ತಂದುಕೊಂಡ. ಹುಬ್ಬಳ್ಳಿಯವನು ಗುಂಪಿನಲ್ಲಿ ಒಂದೇ ಸಾಲು ಬರೆದ: ‘ಶನಿವಾರ ಹತ್ತಕ್ಕ, ತಪ್ಪಿಸಬ್ಯಾಡ.’

ಜಗಳ ಆಗುವುದಕ್ಕೆ ಆಟದ ರಚನೆಯಲ್ಲೇ ಒಂದು ಕಾರಣವಿದೆ. ಹೆಚ್ಚು ಪಿಂಗ್ ಇರುವವರಿಗೆ ತೀರಾ ಅನ್ಯಾಯವಾಗದಿರಲಿ ಎಂದು ಸರ್ವರ್ ಕಾಲವನ್ನು ತುಸು ಹಿಂದಕ್ಕೆ ತಿರುಗಿಸಿ, ಗುಂಡು ಹಾರಿಸಿದ ಕ್ಷಣದಲ್ಲಿ ಆತನಿಗೆ ಏನು ಕಂಡಿತ್ತೋ ಅದರ ಪ್ರಕಾರ ತೀರ್ಪು ಕೊಡುತ್ತದೆ. ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲೇ ಈ ವಿಧಾನವನ್ನು ವಿವರವಾಗಿ ಬರೆದಿದ್ದಾರೆ. ಗೋಡೆಯ ಮರೆಗೆ ಸೇರಿದ ಮೇಲೂ ನೀವು ಸಾಯುವುದು ಅದಕ್ಕೇ. ಎದುರಾಳಿ ಮೋಸಗಾರನಾಗಿರಬೇಕಿಲ್ಲ, ಅವನ ನೆಟ್ ನಿಧಾನವಿದ್ದರೂ ಸಾಕು.

ಆಟವೆಂದರೆ ಮೂಗು ಮುರಿಯುವವರಿಗೂ ಒಂದು ಮಾತು. ಊರಿನಲ್ಲಿರುವ ಅಪ್ಪ ಅಮ್ಮನ ಜೊತೆಗಿನ ವಿಡಿಯೊ ಕಾಲ್ ಕೂಡ ಇದೇ ಜಾತಿಯದು. ಅದಕ್ಕೂ ಬೇಕಾದದ್ದು ಮುನ್ನೂರು ಎಂಬಿಪಿಎಸ್ ಅಲ್ಲ, ಕಳೆದುಹೋಗದೆ ಹೊತ್ತಿಗೆ ಸರಿಯಾಗಿ ಬರುವ ಪ್ಯಾಕೆಟ್. ಅಮ್ಮನ ಮುಖ ಅರ್ಧಕ್ಕೆ ನಿಂತು, ಮಾತು ತುಂಡಾಗಿ, ‘ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೇವಲ್ಲ, ಅದಕ್ಕೂ ಮೇಲಿನ ಐದರಲ್ಲೇ ಒಂದು ಕಾರಣವಿರುವ ಸಾಧ್ಯತೆ ಹೆಚ್ಚು. ದೀಪಾವಳಿಗೆ ಊರಿಗೆ ಹೋದಾಗ ಹತ್ತು ನಿಮಿಷ ಅಲ್ಲಿನ ರೌಟರ್ ಮುಂದೆ ಕುಳಿತುಕೊಳ್ಳಿ. ರೌಟರ್‌ವರೆಗಿನ ಪಿಂಗ್, ಹೊರಗಿನ ಪಿಂಗ್, ಬೆಳಕಿನ ಶಕ್ತಿ, ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ತಾರೀಖು ಸಮೇತ ಬರೆದು ಪಕ್ಕದ ಗೋಡೆಗೆ ಅಂಟಿಸಿ ಬನ್ನಿ. ಮುಂದೆ ಎಂದಾದರೂ ಕೆಟ್ಟರೆ, ಎಷ್ಟು ಕೆಟ್ಟಿದೆ ಎಂದು ಹೇಳಲು ಮನೆಯವರ ಕೈಯಲ್ಲಿ ಒಂದು ಲೆಕ್ಕವಾದರೂ ಇರುತ್ತದೆ.